ದಾರಿಯುದ್ದಕ್ಕೂ ನೀರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದು ಅಪ್ಪನಿಂದ ಬಂದ ಆಸ್ತಿ. ಅವ್ವ ಹತ್ತು ಮಾತು ಕೇಳಿಸಿಕೊಂಡು ಒಂದು ಮಾತು ಆಡುವವಳು. ನಾನು ಒಂದು ಮಾತು ಕಿವಿಗೆ ಬೀಳುವುದರೊಳಗೆ ಹತ್ತು ಆಡಿ ಮುಗಿಸುವವಳು. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನಾವಿಬ್ಬರೂ ಲಾರಿಯ ಮುಂದಿನ ಸೀಟಿನಲ್ಲಿ ಕೂತು, ಹಿಂದೆ ವೀಳ್ಯದೆಲೆಯ ಬುಟ್ಟಿಗಳನ್ನು ಹೇರಿಕೊಂಡು ಚೊಳಚಗುಡ್ಡದಿಂದ ಇಳಕಲ್ಲಿಗೆ ಹೊರಟೆವು.

ನಮ್ಮೂರಿನ ಎಲೆ ಬಾಯಿಗೆ ಹಾಕಿದರೆ ಕರಗುತ್ತದೆ ಎಂದು ಸುತ್ತಲಿನ ಊರುಗಳಲ್ಲಿ ಮಾತಿತ್ತು. ಬನಶಂಕರಿ ಗುಡಿಯ ಹೊಂಡದ ಆಚೆ, ಹಳ್ಳದ ದಂಡೆಗುಂಟ, ಬಾಳೆಗಿಡಗಳ ನಡುವೆ ಎಲೆಬಳ್ಳಿಯ ತೋಟಗಳು. ಅದರಲ್ಲಿ ನಮ್ಮದೂ ಒಂದು. ಅಪ್ಪ ಬರೀ ತೋಟ ಮಾಡುತ್ತಿರಲಿಲ್ಲ. ಓಣಿಯ ಎಲ್ಲ ತೋಟಗಳ ಎಲೆ ಒಟ್ಟು ಮಾಡಿ, ಎತ್ತಿನ ಚಕ್ಕಡಿಯಲ್ಲಿ ಹೇರಿ, ಗುಳೇದಗುಡ್ಡ, ಅಮೀನಗಡ, ಹುನಗುಂದ ದಾಟಿ ಇಳಕಲ್ಲಿನ ಎಲೆ ಅಂಗಡಿಗೆ ಮುಟ್ಟಿಸುತ್ತಿದ್ದ.

ಆ ಸಾಗಾಟಕ್ಕೆ ಅದರದೇ ರೂಢಿಯಿತ್ತು. ಬಿದಿರಿನ ಬುಟ್ಟಿಯೊಳಗೆ ಬಾಳೆಯ ಪಟ್ಟೆ ಹಾಸಿ, ಎಲೆಗಳನ್ನು ಸುತ್ತಲೂ ಜೋಡಿಸಿ, ಮೇಲೆ ಬಾಳೆಲೆ ಮುಚ್ಚಿ ಹಗ್ಗ ಬಿಗಿಯುತ್ತಿದ್ದರು. ಯಾರ ಬುಟ್ಟಿ ಎಂದು ತಿಳಿಯಲು ಹಿಡಿಕೆಗೆ ಗುಳೇದಗುಡ್ಡದ ಖಣದ ಬಟ್ಟೆಯ ಚಿಂದಿ ಕಟ್ಟುತ್ತಿದ್ದರು. ನಮ್ಮದು ಹಸಿರು, ಪಕ್ಕದವರದು ಹಳದಿ, ಮೂಲೆ ತೋಟದವರದು ಕೆಂಪು. ಎಲೆ ಮಾರಿದ ಮೇಲೆ ಬಾಳೆಯ ಪಟ್ಟೆ ಇಳಕಲ್ಲಿನ ದನಗಳ ಪಾಲು, ಖಾಲಿ ಬುಟ್ಟಿ ಮರಳಿ ಊರಿಗೆ. ಒಂದು ಬುಟ್ಟಿ ವರ್ಷಗಟ್ಟಲೆ ಅದೇ ದಾರಿ ತಿರುಗುತ್ತಿತ್ತು. ಈಗಿನವರು ಇಂಥದ್ದಕ್ಕೆ ದೊಡ್ಡ ಹೆಸರಿಟ್ಟು ಸಭೆ ಮಾಡುತ್ತಾರೆ. ನಮ್ಮವರಿಗೆ ಹೊಸ ಬುಟ್ಟಿ ಕೊಳ್ಳಲು ಮನಸ್ಸು ಬರುತ್ತಿರಲಿಲ್ಲ, ಅಷ್ಟೇ.

ಎಲೆಗೆ ಬಿಸಿಲು ಆಗದು, ಗಾಳಿಯಿಲ್ಲದೆಯೂ ಆಗದು, ನೀರಿಲ್ಲದೆ ಮೊದಲೇ ಆಗದು. ಚಕ್ಕಡಿ ಒಂದು ಊರಿನಿಂದ ಮುಂದಿನ ಊರು ಮುಟ್ಟುವಷ್ಟರಲ್ಲಿ ಬುಟ್ಟಿ ಒಣಗಿರುತ್ತಿತ್ತು. ಅದಕ್ಕೇ ಅಪ್ಪ ದಾರಿಯುದ್ದಕ್ಕೂ ನೀರು ಹಾಕುವವರನ್ನು ಮಾಡಿಕೊಂಡಿದ್ದ. ಗುಳೇದಗುಡ್ಡದಲ್ಲಿ ಮಗ್ಗದ ಮನೆಯ ಒಬ್ಬ ಮುದುಕಿ, ಅಮೀನಗಡದಲ್ಲಿ ಚಹಾದಂಗಡಿಯವನು, ಹುನಗುಂದದಲ್ಲಿ ಹೂ ಮಾರುವ ಹೆಂಗಸು. ಚಕ್ಕಡಿ ಬಂದು ನಿಂತರೆ ಇವರು ಪ್ರತಿ ಬುಟ್ಟಿಗೂ ನೀರು ಹಾಕಬೇಕು, ಪ್ರತಿಯಾಗಿ ಒಂದು ಪೆಂಡಿ ಎಲೆ ತೆಗೆದುಕೊಳ್ಳಬೇಕು. "ಎಲಿ ತಿನ್ನೂ ಬಾಯಿ ಎಲಿಗೆ ನೀರ ಕೊಡಬೇಕು" ಎನ್ನುತ್ತಿದ್ದ ಅಪ್ಪ. ಸಂಬಳವಿಲ್ಲ, ಕರಾರಿಲ್ಲ, ಆದರೂ ಅವರು ಒಮ್ಮೆಯೂ ತಪ್ಪಿಸಿದವರಲ್ಲ.

ಅಪ್ಪ ತೀರಿಹೋದ ಮೇಲೆ ಅವ್ವ ಈ ಕೆಲಸ ಕೈಗೆತ್ತಿಕೊಂಡಳು. ಚಕ್ಕಡಿ ಹೊಡೆಯಲು ಆಳಿದ್ದ. ಎಲೆ ಒಟ್ಟು ಮಾಡುವುದು, ಹೇರಿಸುವುದು, ಅಂಗಡಿಯವರ ಜೊತೆ ಮಾತಾಡುವುದು ಅವಳದು. ಓಣಿಯ ಗಂಡಸರಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ, ಅದರಲ್ಲೂ ಮೂಲೆ ತೋಟದ ಕಾಕಾನಿಗೆ. ಅವನು ನಮಗೆ ಸಂಬಂಧಿಯಲ್ಲ, ಓಣಿಗೆಲ್ಲ ಕಾಕಾ. ಬಾಯಲ್ಲಿ ಸದಾ ಎಲೆ, ಆ ಎಲೆಯ ಸಂದಿಯಿಂದಲೇ ಕೊಂಕುಮಾತು. ಆದರೂ ಚಕ್ಕಡಿ ಸರಿಯಾಗಿ ಹೋಗಿಬರುತ್ತಿದ್ದರಿಂದ ಎಲ್ಲರೂ ಗೊಣಗುತ್ತಲೇ ಬುಟ್ಟಿ ಕೊಡುತ್ತಿದ್ದರು.

ಆ ಬೇಸಿಗೆ ಬಸವ ಜಯಂತಿಯ ಹೊತ್ತಿಗೆ ನಮ್ಮ ಸುತ್ತಿನ ದನಗಳಿಗೆ ಕಾಲುಬಾಯಿ ಬೇನೆ ಬಂತು. ಎತ್ತುಗಳು ಗೊರಸು ಊರಲಾರದೆ ಕೊಟ್ಟಿಗೆಯಲ್ಲಿ ಮಲಗಿದವು. ಅತ್ತ ಇಳಕಲ್ಲಿನಲ್ಲಿ ಸಾಲು ಸಾಲು ಮದುವೆ. ಅಂಗಡಿಯವರು ಎಂದಿಗಿಂತ ಹೆಚ್ಚು ಎಲೆ ಕೇಳಿ ಕಳಿಸಿದ್ದರು. ಬಳ್ಳಿಯಲ್ಲಿ ಎಲೆ ಬಲಿತು ನಿಂತಿತ್ತು, ಇನ್ನು ತಡೆದರೆ ಹಳದಿಗೆ ತಿರುಗುತ್ತದೆ. ಅವ್ವ ಬಾಗಲಕೋಟೆಯ ಒಂದು ಲಾರಿ ಗೊತ್ತುಮಾಡಿದಳು. ನಮ್ಮ ಓಣಿಯ ಎಲೆ ಲಾರಿ ಹತ್ತಿದ್ದು ಅದೇ ಮೊದಲು.

ಹಿಂದಿನ ದಿನ ಸಂಜೆ ತೋಟದವರೆಲ್ಲ ನಮ್ಮ ಮನೆಯ ಕಟ್ಟೆಯ ಮೇಲೆ ಕೂಡಿದರು. ಕಾಕಾನೇ ಮಾತು ತೆಗೆದ.

"ನೋಡವ್ವಾ, ಚಕ್ಕಡಿ ನಿನ್ನ ಗಂಡ ಹಾಕಿದ ದಾರಿ. ಅದು ತಾನ ನಡೀತಿತ್ತು. ಲಾರಿ ನಿಂದು. ಎಲಿ ಚಲೋ ಮುಟ್ಟಿದ್ರ ಸರಿ. ಕೆಟ್ಟೂ ಅಂದ್ರ ಇನ್ನ ಮ್ಯಾಲ ನಮ್ಮ ಬುಟ್ಟಿ ನಿನ್ನ ಬಾಗಲಕ್ಕ ಬರೂದಿಲ್ಲ."

ಉಳಿದವರು ನೆಲ ನೋಡಿದರು, ಅಂದರೆ ಒಪ್ಪಿದರು. ನನ್ನ ನಾಲಿಗೆ ತುರಿಸುತ್ತಿತ್ತು. ಅವ್ವ ಒಮ್ಮೆ ನನ್ನ ಕಡೆ ನೋಡಿದಳು, ಸುಮ್ಮನಾದೆ.

"ಆತು ಕಾಕಾ. ಮುಟ್ಟಸ್ತೇನಿ," ಎಂದಳು ಅವ್ವ.

ಅವಳ ಪಾಲಿಗೆ ಅದು ಬರೀ ಒಂದು ಹೇರಿನ ಮಾತಾಗಿರಲಿಲ್ಲ. ನಮ್ಮ ಒಂದೇ ತೋಟದ ಎಲೆಗೆ ಇಳಕಲ್ಲಿನ ತನಕ ಗಾಡಿ ಹೂಡುವುದು ಆಗದ ಮಾತು. ಓಣಿಯ ಬುಟ್ಟಿಗಳು ಬರದಿದ್ದರೆ ದಾರಿಯೇ ಮುಚ್ಚಿದಂತೆ. ಆಮೇಲೆ ಅವಳು ಮತ್ತೆ ಒಳಮನೆ ಸೇರಿ, ನಮ್ಮ ತೋಟದ ಎಲೆಯನ್ನೂ ಕಾಕಾನಂಥವರ ಕೈಗೆ ಕೊಟ್ಟು, ಅವರು ಹೇಳಿದ್ದನ್ನು ಕೇಳಿಕೊಂಡು ಇರಬೇಕಾಗಿತ್ತು. ಇದು ನನಗೂ ಗೊತ್ತಿತ್ತು, ಕಾಕಾನಿಗೂ ಗೊತ್ತಿತ್ತು.

ಬೆಳಿಗ್ಗೆ ಲಾರಿ ಬಂತು. ಚಕ್ಕಡಿಯಲ್ಲಿ ತಳದ ಜಾಗ ಎಂದರೆ ಮಾನದ ಜಾಗ. ಅಲ್ಲಿ ಬಿಸಿಲು ತಾಗುವುದಿಲ್ಲ, ಮೇಲಿನ ಬುಟ್ಟಿಗಳಿಂದ ತೊಟ್ಟಿಕ್ಕುವ ನೀರೂ ಸಿಗುತ್ತದೆ. ಅವ್ವ ಕಾಕಾನ ಕೆಂಪು ಚಿಂದಿಯ ಬುಟ್ಟಿಗಳನ್ನು ಎಲ್ಲಕ್ಕಿಂತ ಕೆಳಗೆ ಇಡಿಸಿದಳು. ಅದರ ಮೇಲೆ ಉಳಿದವರವು. ನಮ್ಮ ಹಸಿರು ಚಿಂದಿಯವು ಎಲ್ಲಕ್ಕಿಂತ ಮೇಲೆ. ಎಲ್ಲಕ್ಕೂ ನೀರು ಹಾಕಿಸಿದಳು. ಬಿಸಿಲು ಬೀಳಬಾರದೆಂದು ಡ್ರೈವರ್ ತಾಡಪತ್ರಿ ಎಳೆದು ಗಟ್ಟಿಯಾಗಿ ಬಿಗಿದ. ಕಾಕಾ ದೂರದಲ್ಲಿ ನಿಂತು ತನ್ನ ಬುಟ್ಟಿಗಳಿಗೆ ಸಿಕ್ಕ ಜಾಗ ನೋಡಿದ.

ಹೆಂಗಸೊಬ್ಬಳೇ ಲಾರಿಯಲ್ಲಿ ಹೋದರೆ ಜನ ಆಡಿಕೊಳ್ಳುತ್ತಾರೆಂದು ಅವ್ವ ನನ್ನನ್ನೂ ಹತ್ತಿಸಿಕೊಂಡಳು. ಆಗ ನನಗೆ ಇಪ್ಪತ್ತರ ಆಸುಪಾಸು. ಇಬ್ಬರು ಹೆಂಗಸರು ಹೋದರೆ ಎರಡು ಪಟ್ಟು ಆಡಿಕೊಳ್ಳುತ್ತಾರೆ ಎಂದೆ. ಅವ್ವ ನಗಲಿಲ್ಲ.

ಚಕ್ಕಡಿಯಾದರೆ ಗುಳೇದಗುಡ್ಡ ಮುಟ್ಟುವ ಹೊತ್ತಿಗೆ ಎತ್ತುಗಳ ಬಾಯಲ್ಲಿ ನೊರೆ ಬಂದಿರುತ್ತಿತ್ತು. ಲಾರಿ ನಾಲ್ಕು ಮಾತು ಆಡುವುದರೊಳಗೆ ಮುಟ್ಟಿತು. ಮಗ್ಗದ ಮನೆಯ ಮುದುಕಿಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಲಾರಿಯ ಸುದ್ದಿ ಬಸ್ಸಿನ ಕಂಡಕ್ಟರನ ಬಾಯಿಂದ ಅವಳಿಗೆ ಮೊದಲೇ ಹೋಗಿತ್ತು. ಅಕ್ಕಪಕ್ಕದ ಮನೆಗಳ ಹೆಂಗಸರನ್ನೂ ಕೂಡಿಸಿ, ಕೊಡಗಳಲ್ಲಿ ನೀರು ತುಂಬಿಸಿಟ್ಟುಕೊಂಡು ದಾರಿಯಲ್ಲೇ ನಿಂತಿದ್ದಳು.

"ಇಷ್ಟ್ಯಾಕ ನೀರು ಆಯಿ," ಎಂದೆ.

"ಲಾರಿ ಅಂದ್ರ ಭಾಳ ಎಲಿ. ಭಾಳ ಎಲಿ ಅಂದ್ರ ಭಾಳ ನೀರು. ಅಷ್ಟೂ ತಿಳಿಯೂದಿಲ್ಲೇನ ನಿನಗ," ಎಂದಳು ಆಯಿ. ಡ್ರೈವರ್ ತಾಡಪತ್ರಿ ಸರಿಸಿದ, ಕೊಡಗಳು ಬರಿದಾದವು, ತಾಡಪತ್ರಿ ಮತ್ತೆ ಬಿಗಿಯಿತು. ಅವ್ವ ಒಂದು ಪೆಂಡಿ ಎಲೆಯನ್ನು ಆಯಿಯ ಉಡಿಗೆ ಹಾಕಿದಳು.

ಅಮೀನಗಡದಲ್ಲಿ ಚಹಾದಂಗಡಿಯವನು ಕೊಡಪಾನ ಹೊತ್ತು ಓಡಿಬಂದ. ಅಷ್ಟರಲ್ಲಿ ಬಿಸಿಲು ಏರಿತ್ತು. ಲಾರಿಯ ಹಲಗೆಯ ಸಂದಿಯಿಂದ ಆಯಿ ಹಾಕಿದ ನೀರು ಇನ್ನೂ ಸೋರುತ್ತಿತ್ತು. ನನಗೆ ಯಾಕೋ ಸರಿ ಕಾಣಲಿಲ್ಲ.

"ಅವ್ವಾ, ಇನ್ನೂ ಹಸೀನ ಅದಾವು. ಬ್ಯಾಡ ಅನ್ನು."

ಅವ್ವ ತಗ್ಗಿದ ದನಿಯಲ್ಲಿ, "ನಿಮ್ಮಪ್ಪನ ಕಾಲದಿಂದ ಹಾಕ್ಯಾನ. ಮಾರಿ ಮ್ಯಾಲ ಹ್ಯಾಂಗ ಬ್ಯಾಡ ಅನ್ನೂದು. ಒಂದ ಕೊಡ ನೀರಿಗೆ ಎಲಿ ಏನ ಸಾಯೂದಿಲ್ಲ," ಎಂದಳು. ಆದರೆ ಅವಳ ಕಣ್ಣು ಸೋರುತ್ತಿದ್ದ ನೀರಿನ ಮೇಲೇ ಇತ್ತು. ಅವನೂ ನೀರು ಹಾಕಿ, ತನ್ನ ಪೆಂಡಿ ಪಡೆದು, ನಮಗೆ ಚಹಾ ಕುಡಿಸಿ ಕಳಿಸಿದ.

ಅಲ್ಲಿಂದ ಹುನಗುಂದದ ತನಕ ಡ್ರೈವರ್ ಒಬ್ಬನೇ ಮಾತಾಡುತ್ತಿದ್ದ. ಇಳಕಲ್ಲಿನಲ್ಲಿ ಎಲೆ ಇಳಿಸಿದ ಕೂಡಲೇ ಕಲ್ಲು ಹೇರಿಕೊಂಡು ಹೋಗಬೇಕು, ತಡವಾದರೆ ಆ ಬಾಡಿಗೆ ಕೈತಪ್ಪುತ್ತದೆ ಎಂಬುದೇ ಅವನ ಚಿಂತೆ. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಅವಳಿಗೆ ಭಯವಾಗಿದೆ ಎಂದು ನನಗೆ ಆಗ ಗೊತ್ತಾಯಿತು. ಅಪ್ಪ ಸತ್ತ ದಿನವೂ ಅವಳು ಹೀಗೆ ಕೂತಿರಲಿಲ್ಲ.

ಹುನಗುಂದದಲ್ಲಿ ಹೂ ಮಾರುವ ಹೆಂಗಸು ಬೇವಿನ ಮರದ ಕೆಳಗೆ ಕೊಡ ಇಟ್ಟುಕೊಂಡು ಕಾದಿದ್ದಳು. ಲಾರಿ ನಿಂತಕೂಡಲೇ, ಬುಟ್ಟಿ ಎಷ್ಟು ಒಣಗಿದೆ ನೋಡೋಣವೆಂದು ಹಿಂದಿನ ಹಲಗೆಯ ಮೇಲಿಂದ ತಾಡಪತ್ರಿಯೊಳಗೆ ಕೈ ತೂರಿಸಿದಳು. ತೂರಿಸಿದ ಕೈಯನ್ನು ಹಾಗೇ ಹಿಂದಕ್ಕೆಳೆದಳು. ಕೊಡ ಎತ್ತಲಿಲ್ಲ.

"ಅಕ್ಕಾ, ಒಳಗ ಕುದಿಯಾಕತ್ತೈತಿ," ಎಂದಳು.

ಡ್ರೈವರ್ ಹಗ್ಗ ಬಿಚ್ಚಿದ. ತಾಡಪತ್ರಿ ಎತ್ತಿದ ಕೂಡಲೇ ಮುಖಕ್ಕೆ ಉಗಿ ಹೊಡೆಯಿತು. ಪಲ್ಯ ಬೇಯುವಾಗ ಬರುವಂಥ ವಾಸನೆ. ಆಗ ಎಲ್ಲವೂ ತಿಳಿಯಿತು. ಎತ್ತಿನ ನಡಿಗೆಗೆಂದು ಇಟ್ಟ ನೀರಿನ ತಾಣಗಳು ಲಾರಿಗೆ ಒಂದರ ಹಿಂದೆ ಒಂದು ಬಂದಿದ್ದವು. ಒಂದು ನೀರು ಆರುವ ಮೊದಲೇ ಇನ್ನೊಂದು ಬಿದ್ದಿತ್ತು. ಮೇಲೆ ತಾಡಪತ್ರಿ, ಅದರ ಮೇಲೆ ಬಿಸಿಲು. ಯಾರೂ ಕೆಟ್ಟದ್ದು ಬಯಸಿರಲಿಲ್ಲ. ಎಲ್ಲರೂ ಪ್ರೀತಿಯಿಂದ ಹಾಕಿದ ನೀರೇ ಎಲೆಯನ್ನು ಕೊಲ್ಲುತ್ತಿತ್ತು. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರಲ್ಲ, ಅದನ್ನು ನಾನು ಮೂಗಿನಿಂದ ಕಲಿತೆ.

"ಇನ್ನ ಇಳಕಲ್ಲ ಎಷ್ಟರ ದೂರ ಐತಿ, ಓಡಿಸಿಬಿಡ್ತೇನ್ರಿ," ಎಂದ ಡ್ರೈವರ್. "ಅಲ್ಲಿ ಇಳಿಸಿ ಕೊಟ್ಟಬಿಡ್ರಿ. ಮ್ಯಾಲಿನೂ ಚಲೋ ಕಾಣಸ್ತಾವು."

ಮೇಲಿನವು ಚೆನ್ನಾಗಿಯೇ ಇದ್ದವು. ಅವು ನಮ್ಮವು. ಅವ್ವ ಒಂದು ಗಳಿಗೆ ಬುಟ್ಟಿಗಳನ್ನೇ ನೋಡಿದಳು. ಹಾಗೇ ಹೋದರೆ ತಳದ್ದೆಲ್ಲ ಮುದ್ದೆಯಾಗಿ ಮುಟ್ಟುತ್ತದೆ. ಇಲ್ಲಿ ಇಳಿಸಿದರೆ ಲಾರಿ ನಿಲ್ಲುವುದಿಲ್ಲ, ಮುಂದೆ ಸಾಗಿಸುವುದು ಹೇಗೋ ತಿಳಿಯದು.

"ಇಳಸಪಾ," ಎಂದಳು.

"ನನಗ ಹೊತ್ತಾಗತೈತ್ರಿ ಅಕ್ಕಾರ. ನಾ ನಿಂದ್ರೂದಿಲ್ಲ."

"ನಿಂದರಬ್ಯಾಡ. ಇಳಿಸಿ ಹೋಗು."

ಅವನು ಗೊಣಗುತ್ತ ನಿಂತೇ ಇದ್ದ. ನನಗೆ ತಡೆಯಲಾಗಲಿಲ್ಲ. ಸೀರೆ ಎತ್ತಿ ಕಟ್ಟಿ ಲಾರಿಯ ಮೇಲೆ ಹತ್ತಿ ಬುಟ್ಟಿ ಎಳೆಯತೊಡಗಿದೆ, ಬಾಯಿಗೆ ಬಂದದ್ದನ್ನೂ ಅಂದೆ. ಅದನ್ನು ಇಲ್ಲಿ ಬರೆಯುವಂತಿಲ್ಲ. ಅವನು ಬೈಸಿಕೊಂಡು ತಾನೂ ಹತ್ತಿದ, ಎಲ್ಲವನ್ನೂ ಇಳಿಸಿಕೊಟ್ಟು ಹೋದ. ಅಷ್ಟರ ಮಟ್ಟಿಗೆ ಒಳ್ಳೆಯವನು.

ಬೇವಿನ ಮರದ ಹಿಂದೆ ಒಂದು ಹಳೆಯ ಗುಡಿ, ಅದಕ್ಕೆ ಕಲ್ಲಿನ ಪೌಳಿ. ನೆರಳು, ಗಾಳಿ, ತಂಪು ನೆಲ. ಹೂವಿನವಳು ಓಡಿಹೋಗಿ ತನ್ನ ಓಣಿಯ ಹೆಂಗಸರನ್ನು ಕರೆತಂದಳು. ಬರುವಾಗ ಒಬ್ಬೊಬ್ಬರ ಕೈಯಲ್ಲೂ ಒಣಗಿದ ಸೀರೆ. ಇಳಕಲ್ಲಿನ ಸೀರೆಗಳೂ ಇದ್ದವು, ದಿನ ಉಟ್ಟು ಮೆತ್ತಗಾದವು. ನೆಲದ ಮೇಲೆ ಹಾಸಿ, ಬುಟ್ಟಿಗಳನ್ನು ಬೋರಲು ಮಾಡಿದೆವು. ಒಂದೊಂದೇ ಎಲೆ ಬಿಡಿಸಿ, ಒರೆಸಿ, ಗಾಳಿಗೆ ಹರಡಬೇಕು. ಕಪ್ಪಾದದ್ದನ್ನು ಆಚೆ ಎಸೆಯಬೇಕು. ಒಂದು ಕೊಳೆತ ಎಲೆ ಉಳಿದರೂ ಸುತ್ತಲಿನದನ್ನೆಲ್ಲ ಕೆಡಿಸುತ್ತದೆ. ಹೂವಿನ ಹೆಂಗಸರ ಬೆರಳು ನಮ್ಮ ಬೆರಳಿಗಿಂತ ಚುರುಕು. ಯಾರೂ ತಲೆ ಎತ್ತಲಿಲ್ಲ. ಎಸೆದ ಎಲೆಯ ರಾಶಿ ಬೆಳೆಯುತ್ತಲೇ ಇತ್ತು.

ನಡುವೆ ನನಗೆ ಹೊಳೆಯಿತು, ಸೀರೆಗಳ ಮೇಲೆ ಎಲ್ಲ ತೋಟದ ಎಲೆಯೂ ಕಲೆತುಹೋಗಿದೆ.

"ಅವ್ವಾ, ಯಾವುದು ಯಾರದು ಅಂತ ತಿಳಿಯೂದಿಲ್ಲ ಇನ್ನ."

"ಮೊದಲ ಎಲಿ ಉಳೀಲಿ," ಎಂದಳು ಅವ್ವ, ಕೈ ನಿಲ್ಲಿಸದೆ.

ಆದರೆ ನಾನು ನೋಡಿದ್ದೆ. ಮೇಲಿದ್ದ ನಮ್ಮ ಬುಟ್ಟಿಗಳ ಎಲೆ ತಣ್ಣಗಿತ್ತು, ಹೆಚ್ಚುಕಡಿಮೆ ಎಲ್ಲವೂ ಹಸಿರು. ಮೇಲಿನ ನೀರೆಲ್ಲ ಇಳಿದು ಇಳಿದು ತಳದಲ್ಲಿ ನಿಂತಿತ್ತು. ಕೆಂಪು ಚಿಂದಿಯ ಬುಟ್ಟಿಗಳಿಂದ ಬಂದದ್ದನ್ನು ಎಲೆ ಎನ್ನುವಂತಿರಲಿಲ್ಲ. ಮಾನ ಕೊಟ್ಟು ಕಾಕಾನಿಗೆ ಕೊಟ್ಟ ಜಾಗವೇ ಅವನ ಎಲೆಯನ್ನು ತಿಂದಿತ್ತು.

ಉಳಿದ ಎಲೆಯನ್ನು ಬುಟ್ಟಿಗಳಿಗೆ ಸಡಿಲವಾಗಿ ತುಂಬಿದೆವು. ಹುನಗುಂದದ ಕಡೆ ಬೇನೆ ಬಂದಿರಲಿಲ್ಲ, ಹೂವಿನವಳ ಮೈದುನನ ಚಕ್ಕಡಿ ಸಿಕ್ಕಿತು. ಹೀಗೆ ಲಾರಿಯಲ್ಲಿ ಹೊರಟ ಎಲೆ ಕೊನೆಗೆ ಎತ್ತುಗಳ ಹಿಂದೆಯೇ ಇಳಕಲ್ಲಿಗೆ ಹೋಯಿತು. ಚಕ್ಕಡಿಗೆ ತಾಡಪತ್ರಿ ಇರಲಿಲ್ಲ. ಬಾಳೆಲೆಯ ಮೇಲೆ ಬೇವಿನ ಸೊಪ್ಪು ಹೊದಿಸಿದ್ದೆವು. ಅವ್ವ ದಾರಿಯುದ್ದಕ್ಕೂ ಒಂದು ಕೈಯನ್ನು ಬುಟ್ಟಿಯೊಳಗೇ ಇಟ್ಟುಕೊಂಡಿದ್ದಳು, ಜ್ವರ ಬಂದ ಮಗುವಿನ ಹಣೆ ನೋಡುವಂತೆ.

ದೀಪ ಹಚ್ಚುವ ಹೊತ್ತಿಗೆ ಅಂಗಡಿ ಮುಟ್ಟಿದೆವು. ಅಂಗಡಿಯವರು ಎಲೆಯನ್ನು ತಿರುವಿ ನೋಡಿ, "ಚಲೋ ಅದಾವು. ಆದ್ರ ಕಡಿಮಿ ಬಂದಾವಲ್ಲ. ಯಾರವು ಹೋದೂ," ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಂದಳು, "ನಮ್ಮವ್ರಿ."

ನನಗೆ ಮೈ ಉರಿಯಿತು. ಮರುದಿನ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಹಾಕಿ ಬಸ್ಸಿನ ಮೇಲೆ ಕಟ್ಟಿಸಿ ಕೂತಾಗ ತಡೆಯಲಾರದೆ ಕೇಳಿಬಿಟ್ಟೆ. "ಯಾಕ ಸುಳ್ಳ ಹೇಳಿದಿ. ನಮ್ಮ ಎಲಿ ಉಳದಾವು. ಸತ್ತಿದ್ದು ಕಾಕಾಂದು. ಅವಗ ಹಂಗ ಆಗಬೇಕಾಗಿತ್ತು."

ಅವ್ವ ಕಿಟಕಿಯ ಹೊರಗೆ ನೋಡುತ್ತ, "ಎಲಿ ಹೋದ್ರ ಮತ್ತ ಚಿಗೀತೈತಿ. ಈ ದಾರಿ ಹೋದ್ರ ಚಿಗಿಯೂದಿಲ್ಲ," ಎಂದಳು.

ಗುಳೇದಗುಡ್ಡದಲ್ಲಿ ಬಸ್ಸು ನಿಂತಾಗ ಆಯಿ ಸ್ಟ್ಯಾಂಡಿಗೇ ಬಂದಿದ್ದಳು, ಕೈಯಲ್ಲಿ ತಂಬಿಗೆ. "ಎಲಿ ತಂಪಾಗಿ ಮುಟ್ಟಿದುವಿಲ್ಲೋ," ಎಂದು ಕೇಳಿದಳು. ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವ್ವ ಕೆಳಗಿಳಿದು ಬೊಗಸೆ ಒಡ್ಡಿದಳು.

"ಮುಟ್ಟಿದೂ ಆಯಿ. ಲಾರಿ ಬಂದಾಗ ಇನ್ನ ಎಲಿಗೆ ನೀರ ಬ್ಯಾಡ, ಅದು ಲಗೂನ ಮುಟ್ಟತೈತಿ. ನಮಗ ಕುಡಸು. ಚಕ್ಕಡಿ ಬಂದ ದಿನ ಎಲಿಗೆ ಹಾಕು."

ಆಯಿ ತಂಬಿಗೆ ಬಾಗಿಸಿದಳು. ಅವ್ವ ಪೂರ್ತಿ ಕುಡಿದಳು. ಆಯಿಗೆ ಕೊನೆಯ ತನಕ ಏನಾಯಿತೆಂದು ತಿಳಿಯಲಿಲ್ಲ. ತಿಳಿಸದಿದ್ದದ್ದು ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ.

ಊರು ಮುಟ್ಟಿದಾಗ ತೋಟದವರೆಲ್ಲ ನಮ್ಮ ಕಟ್ಟೆಯ ಮೇಲೆ ಕಾಯುತ್ತಿದ್ದರು. ಹುನಗುಂದದಲ್ಲಿ ಬುಟ್ಟಿ ಇಳಿಸಿದ ಸುದ್ದಿ ನಮಗಿಂತ ಮೊದಲಿನ ಬಸ್ಸಿನಲ್ಲೇ ಬಂದಿತ್ತು. ಕಾಕಾ ನಡುವೆ ಕೂತಿದ್ದ. ಯಾರೂ ನೀರು ಬೇಕೇ ಎಂದು ಕೇಳಲಿಲ್ಲ. ಅವ್ವ ಬುಟ್ಟಿಗಳನ್ನು ಅಂಗಳದಲ್ಲಿ ಸಾಲಾಗಿ ಇಟ್ಟಳು.

"ಒಂದಿಷ್ಟು ಎಲಿ ಕೆಟ್ಟೂ," ಎಂದಳು. "ಕೆಟ್ಟೂ ಎಲ್ಲಾ ನಮ್ಮ ತೋಟದೂ. ಮ್ಯಾಲ ಇದ್ದೂ, ಬಿಸಲು ಬಡೀತು. ನಿಮ್ಮವು ಚಲೋ ಮುಟ್ಟ್ಯಾವು."

ಕಾಕಾ ಎದ್ದು ಬಂದು ತನ್ನ ಕೆಂಪು ಚಿಂದಿಯ ಬುಟ್ಟಿ ಎತ್ತಿಕೊಂಡ. ಮನೆಗೆ ಹೊರಟನೆಂದುಕೊಂಡೆ. ಅವನು ಬುಟ್ಟಿಯೊಳಗೆ ಮುಖ ಹಾಕಿ ಮೂಸಿದ. ಕೊಳೆತ ಎಲೆಯ ವಾಸನೆ ಬಿದಿರಿಗೆ ಹಿಡಿದರೆ ಬೇಗ ಬಿಡುವುದಿಲ್ಲ, ಎಲೆ ಬೆಳೆಯುವವರಿಗೆಲ್ಲ ಅದು ಗೊತ್ತು. ಆ ಬುಟ್ಟಿ ಇಟ್ಟು, ನಮ್ಮ ಹಸಿರು ಚಿಂದಿಯದನ್ನು ಎತ್ತಿ ಅದನ್ನೂ ಮೂಸಿದ. ಅವ್ವ ತಲೆ ತಗ್ಗಿಸಿದಳು. ಸಿಕ್ಕಿಬಿದ್ದದ್ದು ನಾವೇ ಎನ್ನುವಂತಾಯಿತು.

"ಸತ್ತಿದ್ದು ನಂದು," ಎಂದ ಕಾಕಾ. ಬಾಯಲ್ಲಿದ್ದ ಎಲೆಯನ್ನು ಆಚೆ ಹೋಗಿ ಉಗುಳಿ ಬಂದ. "ನಿಂದ ಹಸರ ವಾಸನಿ ಹಂಗ ಐತಿ. ಯಾಕವ್ವಾ ಸುಳ್ಳ ಹೇಳ್ತಿ."

ಕಾಕಾ ಉಳಿದವರ ಕಡೆ ತಿರುಗಿದ. "ಕುಂತ್ರೇನು. ನಿಮ್ಮ ನಿಮ್ಮ ಬುಟ್ಟಿ ಮೂಸರಿ."

ಎದ್ದರು. ಪಟಕಾ ಸುತ್ತಿದ ಗಂಡಸರೆಲ್ಲ ಅಂಗಳದಲ್ಲಿ ಬಗ್ಗಿ, ಒಬ್ಬೊಬ್ಬರೂ ತಮ್ಮ ಬುಟ್ಟಿಯೊಳಗೆ ಮುಖ ಹಾಕಿ ಮೂಸಿದರು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ನಗು ಬರಲಿಲ್ಲ.

"ಹೋದದ್ದು ಎಲ್ಲಾರ ಪಾಲಿಗೂ ಹಾಕು," ಎಂದ ಕಾಕಾ. "ಮುಂದಿನ ಹೇರು ಯಾವತ್ತು."

"ನಾಡಿದ್ದು," ಎಂದಳು ಅವ್ವ. "ಎತ್ತ ಏಳೂತನಕ ಲಾರಿನ. ತಾಡಪತ್ರಿ ಹಾಕೂದಿಲ್ಲ. ನೀರು ಇಲ್ಲಿ ಒಮ್ಮೆ, ಅಷ್ಟ."

"ತಳದಾಗ ಯಾರವು ಇಡ್ತಿ."

"ನಮ್ಮವು."

ಕಾಕಾ ತಲೆಯಾಡಿಸಿದ. ಅವನಿಗೆಂದು ನಾನು ಇಳಕಲ್ಲಿನಿಂದ ಕೂಡಿಸಿಕೊಂಡು ಬಂದಿದ್ದ ಬೈಗುಳಗಳು ನನ್ನ ಹತ್ತಿರವೇ ಉಳಿದವು. ಅವ್ವ ಒಳಗೆ ಹೋಗಿ ಒಲೆಯ ಮುಂದೆ ಕೂತು, ಹೊರಗೆ ಕೇಳಿಸದಂತೆ ಅತ್ತಳು. ಕಾಕಾ ತನ್ನ ಬುಟ್ಟಿಗಳನ್ನು ತೊಳೆಯಲು ಹಳ್ಳಕ್ಕೆ ಹೊರಟ. ಹೋಗುವಾಗ ನಮ್ಮ ಹಸಿರು ಚಿಂದಿಯವನ್ನೂ ಎತ್ತಿಕೊಂಡು ಹೋದ.